ಮೇಡಂ ಅವರ ಹಗುರ ಲ್ಯಾಪ್‌ಟಾಪ್

ಚಿಪ್ಪಗಿರಿ ಕಡೆಯ ನಮ್ಮ ಶಾಲೆಗೆ ವಿಜ್ಞಾನದ ಮೇಡಂ ಆದೋನಿಯಿಂದ ಶೇರ್ ಆಟೋದಲ್ಲಿ ಬರುತ್ತಿದ್ದರು. ಆ ಇಕ್ಕಟ್ಟಿನಲ್ಲಿ ತೊಡೆಯ ಮೇಲಿಟ್ಟುಕೊಳ್ಳಲೆಂದೇ ತೆಳ್ಳನೆಯ ಲ್ಯಾಪ್‌ಟಾಪ್ ಕೊಂಡಿದ್ದರು. ಎಲ್ಲ ವಯರೂ ಕೂಡುವ ನನ್ನ ದಪ್ಪನೆಯದನ್ನು ತೋರಿಸಿ ನಾನು ಕೆಣಕಿದರೆ, "ಹಗುರ ಬೇಕಂದ್ರ ಏನರ ಬಿಡಬೇಕ್ರಿ ಸಾರ್" ಎನ್ನುತ್ತಿದ್ದರು.

ಹೃದಯದ ಪಾಠದ ದಿನ ಪ್ರೊಜೆಕ್ಟರಿನ ವಯರು ಅವರದಕ್ಕೆ ಕೂಡಲಿಲ್ಲ. ಅದರಲ್ಲಿ ಆ ತೂತೇ ಇರಲಿಲ್ಲ. ಮೇಡಂ ಸೆರಗು ಸಿಕ್ಕಿಸಿಕೊಂಡು, ಲ್ಯಾಪ್‌ಟಾಪನ್ನು ತಟ್ಟೆಯಂತೆ ಅಂಗೈಯಲ್ಲಿ ಹಿಡಿದು ಬೆಂಚಿನಿಂದ ಬೆಂಚಿಗೆ ನಡೆದರು. ಮಿಡಿಯುವ ಹೃದಯಕ್ಕೆ ಮಕ್ಕಳು ಬೆರಳಿಟ್ಟು ನೋಡಿದರು.

ಆಮೇಲೆ ಅವರಿಗೆ ಪತ್ತಿಕೊಂಡಕ್ಕೆ ವರ್ಗವಾಗಿ, ಮುಂದಿನ ಪಾಠ ನನ್ನ ಪಾಲಿಗೆ ಬಂತು. ನನ್ನ ಲ್ಯಾಪ್‌ಟಾಪಿಗೆ ವಯರು ತಟ್ಟನೆ ಕೂಡಿ, ಗೋಡೆ ತುಂಬ ಶ್ವಾಸಕೋಶ ಮೂಡಿತು. ನಾನು ಹೆಮ್ಮೆಯಿಂದ ತಿರುಗಿದೆ.

ಹಿಂದಿನ ಬೆಂಚಿನ ಹುಡುಗಿ ಕೇಳಿದಳು: "ಮೇಡಂ ತಂದಂಗ ನೀವು ನಮ್ಮ ಹತ್ರ ತರಂಗಿಲ್ಲೇನ್ರಿ ಸಾರ್?"