ಸಕ್ಕರೆ ನೀರಿನಾಚೆಯ ಬಾಳೆಹಣ್ಣು

ಕಮಲಾಪುರದ ಮಾಪಣ್ಣ ತನ್ನ ಮನೆಯ ಬಾಗಿಲ ಚೌಕಟ್ಟು ಡೊಂಕಾಗಿದೆ ಎಂದು ಬಡಿಗ ಸಾಯಬಣ್ಣನನ್ನು ಕರೆಸಿ ಬೈದ. ಚೌಕಟ್ಟು ಕೂಡಿಸಿ ಎಷ್ಟೋ ವರ್ಷಗಳಾಗಿದ್ದವು. ಸಾಯಬಣ್ಣ ದಾರಕ್ಕೆ ಕಟ್ಟಿದ ತೂಗುಗುಂಡು ಇಳಿಬಿಟ್ಟು ನೋಡಿ, "ಕಾಕಾ, ಚೌಕಟ್ಟು ಬರೋಬ್ಬರಿ ಅದ. ಡೊಂಕು ಬ್ಯಾರೆ ಎಲ್ಲ್ಯಾರ ಇರಬೇಕು ನೋಡು" ಎಂದು ನಗುತ್ತ ಹೋದ. ಆ ಸಂಜೆ ಮಾಪಣ್ಣ ಕಲಬುರಗಿಯಲ್ಲಿರುವ ಮಗಳು ಸಂಘಮಿತ್ರಾಳಿಗೆ ಫೋನು ಮಾಡಿದ. ಬಾಗಿಲೊಂದೇ ಅಲ್ಲ, ಕರೆಂಟಿನ ಕಂಬ, ಗೋಡೆಯ ಅಂಚು, ಊಟದ ತಾಟು ಎಲ್ಲವೂ ಡೊಂಕು ಕಾಣುತ್ತಿವೆ ಎಂದ.

ಅವನಿಗೆ ಇದ್ದದ್ದೇ ಒಂದು ಕಣ್ಣು. ಎಡಗಣ್ಣಿಗೆ ಹರೆಯದಲ್ಲಿ ಜಾಲಿಮುಳ್ಳು ಬಡಿದು, ಹಗಲು ಯಾವುದು ಕತ್ತಲೆ ಯಾವುದು ಎಂಬುದಷ್ಟೇ ಅದಕ್ಕೆ ತಿಳಿಯುತ್ತಿತ್ತು. ಬಲಗಣ್ಣಿನ ಪೊರೆಯನ್ನು ಹಿಂದಿನ ಬೇಸಿಗೆಯಲ್ಲಿ ಕಲಬುರಗಿಯಲ್ಲಿ ತೆಗೆಸಿದ್ದರು. ಆ ಕೆಲಸ ಚೆನ್ನಾಗಿಯೇ ಆಗಿತ್ತು. ಆ ಕಣ್ಣೇ ಮಾಪಣ್ಣನ ಅಂಗಡಿ, ಆ ಕಣ್ಣೇ ಮಾಲು. ಅಣವೀರಪ್ಪ ಸಾವಕಾರರು ಕೆಂಪು ಬಾಳೆಯನ್ನು ಗಿಡದ ಮೇಲಿರುವಾಗಲೇ ತೋಟದ ಲೆಕ್ಕದಲ್ಲಿ ಖರೀದಿಸುವವರು. ಅವರ ಪರವಾಗಿ ಮಾಪಣ್ಣ ತೋಟದ ಬದುವಿನ ಮೇಲೆ ನಿಂತು, ಗೊನೆ ಮುಟ್ಟದೆ, ಗಿಡ ಎಣಿಸದೆ, ಒಮ್ಮೆ ನೋಟ ಹರಿಸಿ, ಇಷ್ಟು ಮಾಲು ಇಳಿಯುತ್ತದೆ ಎಂದು ಹೇಳಿಬಿಡುತ್ತಿದ್ದ. ಎರಡನೇ ಸಲ ನೋಡುವುದು ಆ ಕಸುಬಿನಲ್ಲಿ ಮಾನ ಕಳೆದುಕೊಂಡಂತೆ. ಊರಲ್ಲಿ ಅವನನ್ನು ನಜರ್ ಮಾಪಣ್ಣ ಎಂದೇ ಕರೆಯುತ್ತಿದ್ದರು. ನಜರ್ ಹೋದರೆ ಬರೀ ಮಾಪಣ್ಣ ಉಳಿಯುತ್ತಾನೆ, ಬರೀ ಮಾಪಣ್ಣನಿಗೆ ಮಾರ್ಕೆಟ್ಟಿನಲ್ಲಿ ಯಾವ ಬೆಲೆಯೂ ಇಲ್ಲ ಎಂಬುದು ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಸಂಘಮಿತ್ರಾಳದೂ ಕಣ್ಣಿನ ಕಸುಬೇ. ಮೊದಲು ಸ್ಟೇಶನ್ ಬಜಾರಿನ ಒಂದು ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದಳು. ಎಲ್ಲರ ಕಿಸೆಯಲ್ಲೂ ಕ್ಯಾಮೆರಾ ಬಂದ ಮೇಲೆ ಸ್ಟುಡಿಯೋ ಬಾಗಿಲು ಹಾಕಿತು. ಈಗ ಮನೆಯಲ್ಲೇ ಕಿಟಕಿಯ ಬೆಳಕಿನಲ್ಲಿ, ಅಂಗಡಿಯವರ ಬಳೆ, ಮಸಾಲೆ ಪೊಟ್ಟಣ, ಸ್ಟೀಲಿನ ಡಬ್ಬಿಗಳ ಫೋಟೋ ತೆಗೆದುಕೊಡುತ್ತಿದ್ದಳು. ಮನುಷ್ಯರಿಗಿಂತ ಡಬ್ಬಿಗಳೇ ವಾಸಿ ಎಂಬುದು ಅವಳ ಅನುಭವ; ಡಬ್ಬಿ ಕಣ್ಣು ಮುಚ್ಚುವುದಿಲ್ಲ, ನಾನೇಕೆ ಇಷ್ಟು ದಪ್ಪ ಕಂಡೆ ಎಂದು ತಕರಾರು ತೆಗೆಯುವುದಿಲ್ಲ.

ಅಂಗಡಿಯವರ ಕೆಲಸ ಮುಗಿದ ಮೇಲೆ ಅವಳದೊಂದು ಹುಚ್ಚು ಇತ್ತು. ಗಾಜಿನ ಲೋಟದಲ್ಲಿ ನೀರು ತುಂಬಿ, ಅದರ ಹಿಂದೆ ಒಂದು ನಿಂಬೆಹಣ್ಣೋ ಪಟ್ಟಾಪಟ್ಟಿ ಟವೆಲ್ಲೋ ಇಟ್ಟು, ನೀರು ಅದನ್ನು ಹೇಗೆ ಮುರಿಯುತ್ತದೆ, ಹಿಗ್ಗಿಸುತ್ತದೆ, ಎಡವನ್ನು ಬಲ ಮಾಡುತ್ತದೆ ಎಂದು ನೋಡುವುದು. ಲೋಟಕ್ಕೆ ಅಂಟಿಸಿ ಇಟ್ಟ ಹಣ್ಣು ದೊಡ್ಡದಾಗುತ್ತಿತ್ತು. ತುಸು ಹಿಂದೆ ಸರಿಸಿದರೆ ಅದರ ತೊಟ್ಟು ಆ ಕಡೆಯಿಂದ ಈ ಕಡೆಗೆ ಬಂದುಬಿಡುತ್ತಿತ್ತು. ಗಂಡ ಕಪಿಲ ಕಪನೂರಿನ ವರ್ಕ್‌ಶಾಪಿನಿಂದ ದಣಿದು ಬಂದು, "ಇವತ್ತರ ಕುಡ್ಯಾಕ ಒಂದು ಗ್ಲಾಸ್ ಖಾಲಿ ಅದನೋ, ಎಲ್ಲಾದಕ್ಕೂ ಫೋಟೋದಾಗ ಕೆಲಸ ಸಿಕ್ಕದನೋ?" ಎಂದು ಕೇಳುತ್ತಿದ್ದ.

ಅಪ್ಪನ ಫೋನು ಬಂದಾಗ ಅವಳ ತಲೆಗೆ ಹೊಳೆದದ್ದೂ ಇದೇ ಲೆಕ್ಕ. ಕಣ್ಣೊಳಗೆ ಕೂಡಿಸಿದ ಮಸೂರ ಸರಿದಿರಬೇಕು, ಲೋಟ ಸರಿದರೆ ಹಣ್ಣು ಡೊಂಕಾಗುವ ಹಾಗೆ. ಮೋಮಿನಪುರದಲ್ಲಿ ಚಷ್ಮಾ ಅಂಗಡಿ ಇಟ್ಟ ಝಹೀರನನ್ನು ಹೋಗಿ ಕೇಳಿದಳು.

"ಎಷ್ಟು ಡೊಂಕು ಕಾಣ್ತದಂತ್ರಿ ಅಕ್ಕಾ?"

"ಎಷ್ಟು ಅಂತ ಹೆಂಗ ಹೇಳ್ಲಿ, ಝಹೀರಭಾಯ್? ಅವರ ಕಣ್ಣಾಗ ನಾ ಹೊಕ್ಕು ನೋಡೀನೇನು?"

"ನನಗ ಹೇಳಿ ಏನು ಉಪಯೋಗ? ನಂದು ಫ್ರೇಮಿನ ಧಂದಾ. ಇವತ್ತೇ ಬಸ್ ಹತ್ತಿಸಿ ಡಾಕ್ಟರ್ ಕಡೆ ಕರ್ಕೊಂಡು ಹೋಗ್ರಿ. ಆಪರೇಶನ್ ಆದ ಕಣ್ಣದ, ಮಜಾಕ್ ಅಲ್ಲ."

ಮಾಪಣ್ಣ ಬಸ್ಸು ಹತ್ತಲಿಲ್ಲ. ಅದು ಬಾಳೆಯ ಹಂಗಾಮು; ಮೇಲಾಗಿ ನಜರ್ ಮಾಪಣ್ಣ ಕಣ್ಣಿನ ಡಾಕ್ಟರ ಬಾಗಿಲಲ್ಲಿ ಕೂತಿದ್ದ ಎಂಬ ಸುದ್ದಿ ಅವನಿಗಿಂತ ಮೊದಲೇ ಕಮಲಾಪುರ ಮುಟ್ಟುತ್ತದೆ ಎಂಬ ಅಂಜಿಕೆ. "ಹೋದ್ರ ಏನಂತ ಹೇಳ್ಲಿ? ಡೊಂಕ ಕಾಣ್ತದ ಅಂದ್ರ, ಮುದುಕ ಆಗೀದಿ, ಹೋಗು ಅಂತಾರ" ಎಂದ. ಆಗ ಸಂಘಮಿತ್ರಾ ಅಂದಳು, "ನೀ ಹೇಳಬ್ಯಾಡ ಅಪ್ಪಾ. ನಿನಗ ಹೆಂಗ ಕಾಣ್ತದ ಹಂಗೇ ನಾ ಫೋಟೋ ತೆಗೀತೀನಿ. ಡಾಕ್ಟರ್ ಮುಂದ ಅದನ್ನೇ ಇಡೋಣು."

ಅಪ್ಪನಿಗೆ ದಿನ ಮುಂದೂಡಲು ಒಂದು ನೆಪ ಸಿಕ್ಕಿತು. ಮಗಳಿಗೆ ಗಾಜು ನೀರಿನ ಜೊತೆ ಆಡಲು ಮೊದಲ ಸಲ ಒಂದು ಘನವಾದ ಕಾರಣ ಸಿಕ್ಕಿತು. ಇಬ್ಬರಿಗೂ ಲಾಭ ಕಾಣುವ ವ್ಯವಹಾರವನ್ನು ಯಾರೂ ತಿರುಗಿಸಿ ನೋಡುವುದಿಲ್ಲ.

ಅವಳು ಅಪ್ಪ ಕೊಟ್ಟ ಕೆಂಪು ಬಾಳೆಹಣ್ಣಿನ ಚಿಪ್ಪನ್ನೇ ಮೇಜಿನ ಮೇಲಿಟ್ಟಳು, ಹಿಂದೆ ಪಟ್ಟಾಪಟ್ಟಿ ಟವೆಲ್ಲು, ಮುಂದೆ ನೀರು ತುಂಬಿದ ಲೋಟಗಳ ಸಾಲು. ಭಾನುವಾರ ಕಮಲಾಪುರಕ್ಕೆ ಹೋಗಿ ಫೋನಿನಲ್ಲಿ ತೋರಿಸಿದಳು. ಮಾಪಣ್ಣ ಫೋನನ್ನು ಮೂಗಿನ ಹತ್ತಿರ ಹಿಡಿದ. "ಇದು ಮುರುದಂಗ ಅದ. ನನಗ ಮುರ್ಯಂಗಿಲ್ಲ. ಬಿಸಿಲಾಗ ಡಾಂಬರ್ ರೋಡಿನ ಮ್ಯಾಲ ಝಳ ಆಡ್ತದ ನೋಡು, ಹಂಗ ಬಳಕ್ತದ."

ಮನೆಗೆ ಬಂದವಳು ನೀರಿಗೆ ಎಣ್ಣೆ ಹಾಕಿ ನೋಡಿದಳು, ಬಚ್ಚಲಮನೆಯ ಕಿಟಕಿಯ ಹೂವಿನ ಗಾಜು ಬಿಚ್ಚಿ ಅಡ್ಡ ಇಟ್ಟು ನೋಡಿದಳು. ಕೊನೆಗೆ ಕೈಗೆ ಬಂದದ್ದು ಅಡುಗೆಮನೆಯ ಸಕ್ಕರೆ ಪಾಕ. ಚೌಕಾಕಾರದ ಗಾಜಿನ ತೊಟ್ಟಿಯಲ್ಲಿ ನೀರು ತುಂಬಿ, ಒಂದು ಅಂಚಿನಿಂದ ಪಾಕವನ್ನು ಮೆಲ್ಲಗೆ ಇಳಿಸಿದರೆ, ಅದು ತಳಕ್ಕೆ ಕೂಡುವವರೆಗೆ ನೀರೊಳಗೆ ಎಳೆಎಳೆಯಾಗಿ ನಡುಗುತ್ತಿತ್ತು. ಆಚೆಗಿನ ಬಾಳೆಹಣ್ಣು, ಟವೆಲ್ಲಿನ ಪಟ್ಟಿ ಎಲ್ಲವೂ ಅದರೊಂದಿಗೆ ಬಳುಕುತ್ತಿದ್ದವು. ಕಾಲಿಲ್ಲದ ಬೆಳಕು ಸಕ್ಕರೆಯೊಳಗೆ ಎಡವುತ್ತ ನಡೆದಂತಿತ್ತು. ಅಪ್ಪ ಒಮ್ಮೆ ಮಾತಿನ ನಡುವೆ, "ಕೆಳಗಿಂದ ಏನೋ ಕರ್ರಗ ಏರಲಾಕತ್ತದವ್ವ, ಯಾರೋ ಪರದಿ ಎತ್ತಿದಂಗ" ಎಂದಿದ್ದ. ಅವಳು ಅದನ್ನೂ ಬಿಡಲಿಲ್ಲ. ತೊಟ್ಟಿಯ ಕೆಳಭಾಗಕ್ಕೆ ಕಪ್ಪು ಹಾಳೆ ಕತ್ತರಿಸಿ ಅಂಟಿಸಿದಳು. ಅದರ ಮೇಲಂಚು ಗಟ್ಟಿಯಾಗಿ ಕಾಣಬಾರದೆಂದು ತುಸು ವ್ಯಾಸಲೀನ್ ಸವರಿದಳು.

ಆ ಫೋಟೋ ನೋಡಿದ ಮಾಪಣ್ಣ ಫೋನನ್ನು ಇನ್ನೂ ಹತ್ತಿರ ತಂದುಕೊಂಡ. "ಇದೇ" ಎಂದ. "ಬರೋಬ್ಬರಿ ಇದೇ. ಏನು ಮಗಳು ನೀ! ನನ್ನ ಕಣ್ಣೊಳಗ ಕುಂತು ತೆಗದೀಯಲ್ಲ!"

ಅವಳ ಜನ್ಮದಲ್ಲಿ ಯಾವ ಗಿರಾಕಿಯೂ ಅವಳ ಫೋಟೋವನ್ನು ಹೀಗೆ ಒಪ್ಪಿಕೊಂಡಿರಲಿಲ್ಲ. ಅದನ್ನು ಹಿಡಿದುಕೊಂಡು ಮರುದಿನವೇ ಡಾಕ್ಟರ ಹತ್ತಿರ ಹೋಗಬೇಕಿತ್ತು. ಆದರೆ ಮಾಪಣ್ಣ, "ಒಂದು ವಾರ ತಡಿ. ಸಾವಕಾರ್ರದು ಎರಡು ತ್ವಾಟ ನೋಡೋದು ಉಳದಾವ" ಎಂದ. ಅವಳೂ ತಡೆದಳು. ವಾರದ ನಂತರ ಹೋದಾಗ ಅಪ್ಪ ಖುಷಿಯಾಗಿದ್ದ. ಡೊಂಕು ಕಮ್ಮಿಯಾಗಿದೆ ಎಂದ.

"ಖರೇನೇನು? ಎಷ್ಟು ಕಮ್ಮಿ?"

"ನೀನೇ ತೋರಸು, ಹೇಳ್ತೀನಿ."

ಪಾಕ ಹೆಚ್ಚಿರುವುದು, ಕಮ್ಮಿಯಿರುವುದು, ಕಪ್ಪು ಹಾಳೆ ಕೆಳಗಿಳಿಸಿದ್ದು, ಹಾಳೆಯೇ ಇಲ್ಲದ್ದು ಎಂದು ಅವಳು ಬಗೆಬಗೆಯಾಗಿ ತೆಗೆದುಕೊಂಡು ಹೋಗುತ್ತಿದ್ದಳು. ಮಾಪಣ್ಣ ಪ್ರತಿ ಭಾನುವಾರ ಮೊದಲಿಗಿಂತ ತಿಳಿಯಾದ ಫೋಟೋವನ್ನೇ ಆರಿಸಿದ. "ಇದಲ್ಲ... ಇದಲ್ಲ... ಹಾಂ, ಇದು." ತೋಟದ ಕೆಲಸವೂ ನಡೆದೇ ಇತ್ತು, ಅಣವೀರಪ್ಪನವರಿಂದ ದೂರು ಬಂದಿರಲಿಲ್ಲ. ಝಹೀರ್ ಮಾತ್ರ ಸಿಕ್ಕಾಗಲೆಲ್ಲ ಕೇಳುತ್ತಿದ್ದ, "ಹೋದ್ರೇನ್ರಿ ಡಾಕ್ಟರ್ ಕಡೆ? ಅಲ್ರಿ ಅಕ್ಕಾ, ಕೆಟ್ಟ ಕಣ್ಣಿಗೇ ಫೋಟೋ ತೋರಸಿ ಕಣ್ಣು ಹೆಂಗದ ಅಂತ ಕೇಳ್ತೀರಿ. ಕೆಟ್ಟ ತಕ್ಕಡಿ ನಾ ಕೆಟ್ಟೀನಿ ಅಂತ ಹೇಳ್ತದೇನ್ರಿ?" ಸಂಘಮಿತ್ರಾಳಿಗೆ ಸಿಟ್ಟು ಬಂತು. ಫೋಟೋದ ವಿಷಯ ಚಷ್ಮಾ ಮಾರುವವನಿಗೇನು ಗೊತ್ತು ಎಂದುಕೊಂಡಳು.

ಮುಂದಿನ ಭಾನುವಾರ ಅವಳು ಕಮಲಾಪುರದ ಮನೆಯ ಪಡಸಾಲೆಯಲ್ಲಿ ಕೂತು ಒಂದೊಂದೇ ಫೋಟೋ ಮುಂದಿಡುತ್ತಿದ್ದಳು. ನಡುವೆ ಓಣಿಯಲ್ಲಿ ಯಾರೋ ಮಾತಾಡಿಸಿದರೆಂದು ಎದ್ದು ಹೋಗಿ ಬಂದಳು. ಬಂದವಳೇ ಫೋನನ್ನು ಅಪ್ಪನ ಕೈಗೆ ಕೊಟ್ಟು, "ಈಗ ಇದು ನೋಡು. ಪೂರಾ ಸರಳ ಅದ. ಹಿಂಗ ಕಾಣ್ತದೇನು?" ಎಂದು ಆಸೆಯಿಂದ ಕೇಳಿದಳು.

ಮಾಪಣ್ಣ ಫೋನನ್ನು ಎತ್ತಿ ಹಿಡಿದು, ತಲೆ ತುಸು ಓರೆ ಮಾಡಿ, ನಕ್ಕ. "ಹಾಂ. ಇದೇ ನೋಡು. ಹಿಂಗೇ ಕಾಣ್ತದ, ನಿಚ್ಚಳ."

ಅವಳು ಬಗ್ಗಿ ನೋಡಿದಳು. ಫೋನು ಆರಿಹೋಗಿತ್ತು. ಕರ್ರಗಿನ ಗಾಜಿನಲ್ಲಿ ಅಪ್ಪನ ಮುಖವೇ ಕಾಣುತ್ತಿತ್ತು.

"ಅಪ್ಪಾ" ಎಂದಳು. ಫೋನನ್ನು ಅವನ ಕೈಯಿಂದ ತೆಗೆದುಕೊಂಡಳು. ಅವನ ಕೈ ಗಾಳಿಯಲ್ಲಿ ಹಾಗೆಯೇ ಉಳಿಯಿತು, ಫೋನು ಹಿಡಿದವನ ಹಾಗೆ.

"ಏನಾಯ್ತವ್ವ?"

"ಅದು ಬಂದ್ ಆಗಿತ್ತು ಅಪ್ಪಾ. ಏನೂ ಇರಲಿಲ್ಲ ಅದರಾಗ."

ಮಾಪಣ್ಣ ಕೈ ಇಳಿಸಿ ತೊಡೆಯ ಮೇಲಿಟ್ಟುಕೊಂಡ. ಸಿಕ್ಕಿಬಿದ್ದ ದಲ್ಲಾಳಿಯ ಹಾಗೆ ಮೊದಲು ಒಂದು ನಗೆ ತಂದುಕೊಳ್ಳಲು ನೋಡಿದ, ಬರಲಿಲ್ಲ. "ಸಕ್ಕರಿ ನೀರಿಂದು ಕಂಡಿತ್ತು" ಎಂದ. "ಖರೇನೇ ಕಂಡಿತ್ತು. ಅದರ ಮುಂದಿಂದು ಯಾವುದೂ ಇಲ್ಲ."

"ಮತ್ತ ಇದು, ಇದು ಅಂತ ಆರಿಸ್ತಿದ್ದಿಯಲ್ಲ?"

"ನಿನ್ನ ದನಿ ಕೇಳಿ. ಚಲೋ ಫೋಟೋ ಬಂದ್ರ ನಿನ್ನ ದನಿ ಏರ್ತಿತ್ತು. ಆವಾಗ ಹೂಂ ಅಂತಿದ್ದೆ."

"ತ್ವಾಟ?"

"ತ್ವಾಟದವರೂ ಹಂಗೇ. ಬೆಳಿ ಹೆಂಗದ ಗೌಡ್ರ ಅಂತ ಕೇಳ್ತಿದ್ದೆ. ಅಂವ ಎಷ್ಟು ಹೊಗಳಿಕೋತಾನ, ಅದರಾಗ ಅರ್ಧ ಕಳದು ಹೇಳ್ತಿದ್ದೆ. ಇಲ್ಲೀತನಕ ತಪ್ಪಿಲ್ಲ ನೋಡು." ಆ ಸ್ಥಿತಿಯಲ್ಲೂ ಕೊನೆಯ ಮಾತಿನಲ್ಲಿ ಸ್ವಲ್ಪ ಹಮ್ಮು ಇತ್ತು. ಆಮೇಲೆ ಮೆಲ್ಲಗೆ, "ನೀ ಅಷ್ಟು ಖುಷಿಲಿಂದ ತರ್ತಿದ್ದಿ. ನಾನೂ ನಾಳಿ ಸರಿ ಆಗ್ತದ ಅನ್ಕೊಂಡು ಕುಂತೆ" ಎಂದ.

ಅವತ್ತೇ ಕರೆದುಕೊಂಡು ಬಂದಳು. ಬಸ್ಸಿನ ಮೆಟ್ಟಿಲು ಎಲ್ಲಿದೆ ಎಂದು ಅವನು ಕಾಲಿನಿಂದ ತಡಕಿದ್ದನ್ನು ಇಡೀ ಕಮಲಾಪುರ ಸ್ಟ್ಯಾಂಡು ನೋಡಿತು.

ಮರುದಿನ ಬೆಳಗ್ಗೆ ಡಾಕ್ಟರು ಯಂತ್ರದ ಹಿಂದೆ ಕೂತು ಬಹಳ ಹೊತ್ತು ನೋಡಿದರು. ಮಸೂರ ಸರಿದಿರಲಿಲ್ಲ. ಅದು ಕೂಡಿಸಿದ ಜಾಗದಲ್ಲೇ ಇತ್ತು. ಕಣ್ಣಿನ ಹಿಂಬದಿಯ ಪರದೆ ಗೋಡೆಯ ಸುಣ್ಣದ ಹಾಗೆ ಕಳಚಿ ಬಂದಿತ್ತು. ಮೊದಲು ಒಂದು ಮೂಲೆ, ಆಮೇಲೆ ನಡುಭಾಗ, ಈಗ ಪೂರಾ. ಆಪರೇಶನ್ ಮಾಡಿ ಅಂಟಿಸಬಹುದು, ಆದರೆ ನೋಟ ಮರಳುವ ಭರವಸೆ ಇಡಬೇಡಿ ಎಂದರು. "ಗೆರೆ ಡೊಂಕಾಗಿ ಕಂಡಾಗಲೇ ಬಂದಿದ್ದರೆ ಉಳಿಸಬಹುದಿತ್ತು. ಯಾವಾಗಿನಿಂದ ಹೀಗೆ?"

ಸಂಘಮಿತ್ರಾ ಫೋನನ್ನು ಮೇಜಿನ ಮೇಲಿಟ್ಟಳು. ಡಾಕ್ಟರು ಫೋಟೋಗಳನ್ನು ಒಂದೊಂದಾಗಿ ಸರಿಸಿದರು. ಸಕ್ಕರೆ ನೀರಿನದರ ಹತ್ತಿರ ಬೆರಳು ನಿಂತಿತು. ಬಳುಕಿದ ಹಣ್ಣು, ಕೆಳಗಿನಿಂದ ಏರುವ ಕಪ್ಪು.

"ಇದನ್ನು ಯಾರು ತೆಗೆದದ್ದು?"

"ನಾನೇ ರೀ."

"ಪುಸ್ತಕದಲ್ಲೂ ಇಷ್ಟು ಸ್ಪಷ್ಟವಾಗಿ ನೋಡಿಲ್ಲ" ಎಂದವರು, ತಮ್ಮ ಮಾತು ಎಂಥದೆಂದು ಹೊಳೆದು ತಲೆ ತಗ್ಗಿಸಿದರು.

ಆಪರೇಶನ್ ಆಯಿತು, ನೋಟ ಮರಳಲಿಲ್ಲ. ಅಣವೀರಪ್ಪನವರು ಒಂದು ಬುಟ್ಟಿ ಬಾಳೆಹಣ್ಣು ತಂದುಕೊಟ್ಟು, "ಆರಾಮ್ ತಗೋ ಮಾಪಣ್ಣ, ತ್ವಾಟದ ಚಿಂತಿ ಮಾಡಬ್ಯಾಡ" ಎಂದರು. ಬೇರೆಯವನು ಆಗಲೇ ಬದುವಿನ ಮೇಲೆ ನಿಲ್ಲತೊಡಗಿದ್ದಾನೆ ಎಂದು ಅದರ ಅರ್ಥ. ಡಾಕ್ಟರು ಆ ಫೋಟೋ ಕೇಳಿದರು, ಅವಳು ಕೊಟ್ಟಳು. ತನ್ನ ಹೆಸರು ಹಾಕಬೇಡಿ ಎಂದಷ್ಟೇ ಹೇಳಿದಳು. ಅವರು ಅದನ್ನು ದೊಡ್ಡದಾಗಿ ಮಾಡಿಸಿ, ಹೀಗೆ ಕಂಡರೆ ಅಂದೇ ಬನ್ನಿ ಎಂದು ಕೆಳಗೆ ಬರೆಸಿ, ರೋಗಿಗಳು ಕೂಡುವಲ್ಲಿ ತೂಗುಹಾಕಿದರು.

ತಿಂಗಳ ತಪಾಸಣೆಗೆ ಅಪ್ಪನ ಕೈ ಹಿಡಿದು ಬಂದಾಗ ಇಬ್ಬರೂ ಅದರ ಕೆಳಗಿನ ಬೆಂಚಿನಲ್ಲೇ ಕೂರುತ್ತಾರೆ. ಬೇರೆ ಜಾಗ ಖಾಲಿ ಇರುವುದಿಲ್ಲ. ಮೊನ್ನೆ ಪಕ್ಕದಲ್ಲಿ ಕೂತಿದ್ದ ಒಬ್ಬ ಹೆಂಗಸು ಕತ್ತೆತ್ತಿ ನೋಡಿ, "ಎಷ್ಟು ಚಂದ ಫೋಟೋರಿ. ಹಣ್ಣು ನೀರಾಗ ಈಸ್ಲಾಕತ್ತಂಗ ಅದ" ಎಂದಳು.

"ಚಂದ ನೋಡ್ಕೋತ ಕೂಡಬ್ಯಾಡವ್ವ" ಎಂದ ಮಾಪಣ್ಣ, ಗೋಡೆಯ ಕಡೆಗಲ್ಲ, ಅವಳ ದನಿಯ ಕಡೆಗೆ ತಿರುಗಿ. "ಕೆಳಗ ಏನು ಬರದಾರ ಓದು."

ಹೆಂಗಸು ತನಗೆ ಓದು ಬಾರದೆಂದಳು. ಅವನು ಮಗಳ ಮೊಣಕೈ ತಟ್ಟಿದ. ಸಂಘಮಿತ್ರಾ ಓದಿ ಹೇಳಿದಳು, ಗಟ್ಟಿಯಾಗಿ, ಒಂದೊಂದೇ ಅಕ್ಷರ ಬಿಡಿಸಿ.