ಕಾಕಾನ ಪಿಟೀಲಿನ ತಂತಿ

ಪಕ್ಕದ ಮನೆಯ ಹುಡುಗಿ ಪಿಟೀಲಿನ ಕಮಾನಿಗೆ ರಾಳ ತಿಕ್ಕುತ್ತಿದ್ದಾಳೆ. ಅದರ ವಾಸನೆ ಕಿಟಕಿಯಿಂದ ಬಂತು. ಈ ವಯಸ್ಸಿನಲ್ಲಿ ಎದ್ದು ಕಿಟಕಿ ಮುಚ್ಚುವುದೂ ಒಂದು ದೊಡ್ಡ ಕೆಲಸವೇ. ಹಾಗಾಗಿ ಕುಳಿತೇ ಇದ್ದೇನೆ. ನೀವೂ ಸ್ವಲ್ಪ ಹೊತ್ತು ಕುಳಿತಿರಿ.

ನನಗೆ ಪಿಟೀಲು ಕಲಿಸಿದವರು ನನ್ನ ಕಾಕಾ, ಅಂದರೆ ತಂದೆಯ ತಮ್ಮ. ಸಾಂಗಲಿ ಪೇಟೆಯಲ್ಲಿ ಅವರದು ಅರಿಸಿನದ ವ್ಯಾಪಾರ. ಕಲಿಸಿದರು ಎನ್ನುವುದು ಅವರ ತಾಳ್ಮೆಗೆ ಸಲ್ಲುವ ಮಾತು. ನನ್ನ ಕಮಾನು ಆಡಿದರೆ ಎಣ್ಣೆ ಕಾಣದ ಬಾಗಿಲು ತೆರೆದಂತಿರುತ್ತಿತ್ತು. ಅವರದು ಹಾಗಲ್ಲ. ನಾವು ಜೈನರು. ಬೆಳಗಿನ ಪೂಜೆ ಮುಗಿದ ಮೇಲೆ ಕಾಕಾ ಬಸದಿಯಲ್ಲಿ ನುಡಿಸುತ್ತಿದ್ದರು. ಹೊರಟು ಚಪ್ಪಲಿ ಮೆಟ್ಟಿದವರೂ ಅದನ್ನು ಬಿಟ್ಟು ಮತ್ತೆ ಒಳಗೆ ಬಂದು ಕೂರುತ್ತಿದ್ದರು.

ಯುದ್ಧ ಶುರುವಾಗಿ ಮುಂಬಯಿಗೆ ವಿಲಾಯತಿ ತಂತಿ ಬರುವುದು ನಿಂತಿತು. ಇದ್ದವು ಸವೆದಾಗ ಇಬ್ಬರೂ ಮಿರಜಿಗೆ ಹೊರಟೆವು. ಸಾಂಗಲಿಗೆ ಬೇರೆ ರಾಜರು, ಮಿರಜಿಗೆ ಬೇರೆ ರಾಜರು. ತಂತಿಗಾಗಿ ರಾಜ್ಯವನ್ನೇ ದಾಟಿದೆವು ಎನ್ನಬೇಕು, ಆದರೆ ರೈಲಿನಲ್ಲಿ ಕುಳಿತು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಊರು ಬಂದಿತ್ತು. ಸ್ಟೇಷನ್ನಿನಲ್ಲಿ ನಮ್ಮ ಕನ್ನಡದಲ್ಲೇ ದವಾಖಾನೆಯ ದಾರಿ ಕೇಳುತ್ತಿದ್ದ ರೋಗಿಗಳ ನಡುವೆ ನುಸುಳಿ, ಸಿತಾರ ಮಾಡುವ ಒಬ್ಬ ಮುದುಕರ ಅಂಗಡಿಗೆ ಹೋದೆವು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು.

ಚಾಚಾ ಎರಡು ಬಗೆಯ ತಂತಿ ಇಟ್ಟರು. ಒಂದು ಸಿತಾರದ ಉಕ್ಕಿನದು. ಇನ್ನೊಂದು ಸಾರಂಗಿಗೆಂದು ಅಲ್ಲೇ ಹೊಸೆದದ್ದು, ಮಂಕು ಹಳದಿ ಬಣ್ಣದ್ದು. ಕಾಕಾ ಒಂದೊಂದನ್ನೂ ಬಿಗಿಸಿ ಮೀಟಿದರು. ಉಕ್ಕಿನದು ಚೀರಿತು, ಹಳದಿಯದು ಮಾತಾಡಿತು. ಅದನ್ನೇ ಕಟ್ಟಿಕೊಡಿ ಎಂದರು. ಆಗ ನಾನು, ಹತ್ತೊಂಬತ್ತರ ಜಾಣೆ, ನಾನೂ ಇದ್ದೇನೆಂದು ತೋರಿಸಿಕೊಳ್ಳಲು, ಇದನ್ನು ಯಾವುದರಿಂದ ಮಾಡುತ್ತಾರೆಂದು ಕೇಳಿದೆ.

ಚಾಚಾ ಕಾಕಾನ ಮುಖ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: “ಆಡಿನ ಕರಳ ಐತಿ, ಬೇಟಾ. ವಿಲಾಯತಿದ್ದು ಕುರೀದು. ಸಾವಕಾರ್ರಿಗೆ ಗೊತ್ತಿಲ್ಲೇನು?”

ಗೊತ್ತಿರಲಿಲ್ಲ. ಯಾವುದೋ ಪರದೇಶದ ಗಿಡದ ನಾರು ಎಂದುಕೊಂಡಿದ್ದರಂತೆ. ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟದ, ಸೋಸದ ನೀರು ಕುಡಿಯದ ಮನುಷ್ಯ. ಅಂಥ ಕರುಳಿನ ತಂತಿಯ ಮೇಲೆಯೇ ಹನ್ನೆರಡು ವರ್ಷ ಜಿನನ ಮುಂದೆ ನುಡಿಸಿದ್ದರು. ಕೈಯಲ್ಲಿದ್ದುದನ್ನು, ಅದಕ್ಕೆ ನೋವಾದೀತು ಎಂಬಂತೆ, ನಿಧಾನವಾಗಿ ಕೆಳಗಿಟ್ಟರು. ಉಕ್ಕಿನ ತಂತಿ ಕೊಂಡು ಮನೆಗೆ ಬಂದೆವು.

ಮರುದಿನ ಹಳೆಯ ತಂತಿಗಳನ್ನು ಬಿಚ್ಚಿ ಬಿಳಿ ಬಟ್ಟೆಯಲ್ಲಿ ಸುತ್ತಿ, ಸಲಗರೆಯ ನಮ್ಮ ಹೊಲಕ್ಕೆ ನನ್ನನ್ನೂ ಕರೆದೊಯ್ದರು. ಬದುವಿನ ಹತ್ತಿರ ತಾವೇ ಅಗೆದು ಹೂಳಿದರು. ಬಹಳ ಹೊತ್ತು ಅಲ್ಲೇ ಕೂತಿದ್ದರು. ತಮ್ಮ ಹೆಂಡತಿ, ನನ್ನ ಕಾಕೂಗೂ ಹೇಳಬೇಡ ಎಂದರು.

ಉಕ್ಕು ಅವರ ಬೆರಳು ಕೊಯ್ದಿತು. ಬಸದಿಯಲ್ಲಿ ಆ ಕೀರಲು ದನಿ ಕೇಳಿ ಜನ ಒಬ್ಬೊಬ್ಬರಾಗಿ ಏಳತೊಡಗಿದರು. ಕೈಗೆ ವಯಸ್ಸಾಯಿತು ಎಂದು ಯಾರೋ ಅಂದಾಗ ಕಾಕಾ ಹೌದೆಂದರು. ನಿಜ ಹೇಳಿದ್ದರೆ ಅವರ ಮೇಲಿನ ಗೌರವ ಹೆಚ್ಚುತ್ತಿತ್ತು. ಆದರೆ ಅಷ್ಟು ವರ್ಷ ಜನ ಕೇಳಿ ಪಟ್ಟ ಸುಖವೂ ಮೈಲಿಗೆಯಾಗುತ್ತದೆಂದು ಅವರು ಬಾಯಿ ಬಿಡಲಿಲ್ಲ.

ಸಂಸ್ಥಾನಗಳು ಇನ್ನೂ ವಿಲೀನವಾಗಿರಲಿಲ್ಲ, ಅಷ್ಟರಲ್ಲೇ ಕಾಕಾ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ತಡೆಯಲಾರದೆ ಕೇಳಿದೆ: “ಅವತ್ತ ನಾ ಕೇಳಬಾರದಿತ್ತೇನ್ರಿ, ಕಾಕಾ?”

“ಕೇಳಿದ್ದು ಚೊಲೋನ ಆತು,” ಎಂದರು. ಸ್ವಲ್ಪ ಸುಧಾರಿಸಿಕೊಂಡು, “ಆದ್ರ ಆ ಧ್ವನಿ ಇನ್ನೂ ಕನಸಿನ್ಯಾಗ ಬರ್ತದವಾ. ಅದೂ ಪಾಪ ಏನು?” ಎಂದರು.

ನಾನು ಅವರ ಹೊದಿಕೆ ಸರಿಮಾಡಿದೆ, ಅಷ್ಟೆ.

ಅವತ್ತು ಅಂಗಡಿಯಲ್ಲಿ ಕೇಳಿ ತಪ್ಪು ಮಾಡಿದೆ ಎಂದೇ ಇಷ್ಟು ವರ್ಷ ದಣಿದಿದ್ದೇನೆ. ನಿಮಗೆ ಹೇಳುತ್ತಾ ಹೇಳುತ್ತಾ ಈಗ ತಿಳಿಯುತ್ತಿದೆ, ದಣಿವು ಅದರದಲ್ಲ. ಆ ದನಿ ನನ್ನ ಕನಸಿನಲ್ಲೂ ಬರುತ್ತಿತ್ತು. ನನಗೂ ಬರ್ತದರಿ ಕಾಕಾ ಎಂದು ಒಂದು ಮಾತು ಅಂದಿದ್ದರೆ, ಅದು ಪಾಪವೇ ಆಗಿದ್ದರೂ ಅವರು ಒಬ್ಬರೇ ಹೊರಬೇಕಾಗಿರಲಿಲ್ಲ.