ಕಂಪ್ಯೂಟರಿಗೂ ಹಿಸ್ಸೆ ಮಾಡಿಕೊಟ್ಟ ಮೇಷ್ಟ್ರು

ಮೊನ್ನೆ ಸೊರಬದಿಂದ ಆನವಟ್ಟಿಗೆ ಹೋಗುವ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹಿರಿಯರೊಬ್ಬರು ನಶ್ಯದ ಡಬ್ಬಿ ತೆಗೆದರು. ಘಾಟು ಮೂಗಿಗೆ ಬಡಿದದ್ದೇ ಸೀನಿದೆ. ಸೀನಿದ ಮೇಲೆ ನಗು ಬಂತು, ನಗುವಿನ ಹಿಂದೆಯೇ ಕಣ್ಣು ತುಂಬಿತು. ನಮ್ಮ ಕಂಪ್ಯೂಟರ್ ಮೇಷ್ಟ್ರು ನೆನಪಾದರು... ಅವರು ಮುಟ್ಟಿಹೋದ ಕೀಬೋರ್ಡಿನಿಂದ ನಶ್ಯದ ಪುಡಿ ಒರೆಸುವುದೇ ನನಗೊಂದು ಕೆಲಸವಾಗಿತ್ತು.

ಹೊಸಬಾಳೆಯವರು. ಶಿಕಾರಿಪುರದಲ್ಲಿ ಟೈಪಿಂಗ್ ಕಲಿಸುತ್ತಿದ್ದರು. ಆ ಕಾಲ ಮುಗಿದ ಮೇಲೆ ಅಂಗಡಿಗಳಿಗೆ ಕಂಪ್ಯೂಟರ್ ಕೂರಿಸಿಕೊಡತೊಡಗಿದರು. ನಮ್ಮ ಬೀಜ-ಗೊಬ್ಬರದ ಅಂಗಡಿಗೂ ಅವರೇ ತಂದಿದ್ದು. ಆಗ ಅಪ್ಪ, ದೊಡ್ಡಪ್ಪ ಇಬ್ಬರದೂ ಒಂದೇ ವ್ಯಾಪಾರ. ಆಮೇಲೆ ಪಾಲಾಯಿತು. ಬೀಜ ದೊಡ್ಡಪ್ಪನಿಗೆ, ಗೊಬ್ಬರ ಅಪ್ಪನಿಗೆ. ಅಂಗಡಿಯ ನಡುವೆ ಗೋಡೆ ಎಬ್ಬಿಸಿದರೆ ಚೀಲ ಇಳಿಸಲೂ ಜಾಗವಿರುತ್ತಿರಲಿಲ್ಲ. ಗೋಡೆ ಬರಲಿಲ್ಲ, ಮಾತು ನಿಂತಿತು.

ಡಿಗ್ರಿ ಮುಗಿಸಿ ಬಿಲ್ ಹೊಡೆಯಲು ಕೂತಿದ್ದ ನನ್ನ ಮೂಲಕವೇ ಅಣ್ಣತಮ್ಮಂದಿರ ವ್ಯವಹಾರ. "ನಿಮ್ಮ ದೊಡ್ಡಪ್ಪಂಗೆ ಹೇಳು, ಫ್ಯಾನ್ ಆರಿಸ್ಲಿ," ಎಂದು ಅಪ್ಪ ಹೇಳಿದರೆ, ಕೈಯಳತೆಯಲ್ಲೇ ಕೂತ ದೊಡ್ಡಪ್ಪ, "ನಿಮ್ಮಪ್ಪಂಗೆ ಸೆಕೆ ಆಗಲ್ಲೇನು ಕೇಳು," ಎನ್ನುತ್ತಿದ್ದರು. ಗಿರಾಕಿಗಳಿಗೆ ತಮಾಷೆ. ನನಗೆ ಒಳಗೊಳಗೇ ಅಳು. ಇವರಿಬ್ಬರೂ ಮತ್ತೆ ನೇರವಾಗಿ ಮಾತಾಡಿದರೆ ಸಾಕು, ಬೇರೇನೂ ಬೇಡ ಅನಿಸುತ್ತಿತ್ತು.

ಕಂಪ್ಯೂಟರ್ ಮಾತ್ರ ಪಾಲಾಗದೆ ಉಳಿದಿತ್ತು. ನಾನೇ ಬುದ್ಧಿ ಓಡಿಸಿ ಬೀಜದ ಶಾರ್ಟ್‌ಕಟ್‌ಗಳನ್ನು ಪರದೆಯ ಎಡಕ್ಕೂ ಗೊಬ್ಬರದವನ್ನು ಬಲಕ್ಕೂ ಇಟ್ಟಿದ್ದೆ. ಒಂದು ಬೆಳಿಗ್ಗೆ ನೋಡಿದರೆ ಅಪ್ಪನವೆಲ್ಲ ಎಡಕ್ಕೆ ಹೋಗಿ ದೊಡ್ಡಪ್ಪನ ಸಾಲಿನಲ್ಲಿ ನಿಂತಿವೆ! ತಾನಾಗಿಯೇ ಸಾಲು ಜೋಡಿಸಿಕೊಳ್ಳುವ ಸೌಲಭ್ಯವೊಂದನ್ನು ಯಾರೋ ಕೈತಪ್ಪಿ ಒತ್ತಿದ್ದರು, ಅಷ್ಟೇ. ದೊಡ್ಡಪ್ಪ ಕೆರಳಿದರು. "ಇದು ಒತ್ತುವರಿ! ಹದ್ದು ದಾಟಿ ಬಂದಾರೆ!" ಅಪ್ಪನೂ ಬಿಡಲಿಲ್ಲ. ಯೂರಿಯಾ ಕೊಳ್ಳಲು ಬಂದ ಅಂಜನಾಪುರದ ರೈತರೊಬ್ಬರು, "ಸರ್ವೆಯೋರನ್ನ ಕರೆಸ್ರಿ," ಎಂದು ನಕ್ಕರು. ನಾನು ಮೇಷ್ಟ್ರನ್ನು ಕರೆಸಿದೆ.

ಪಂಚಾಯ್ತಿಗೆ ಬಂದವರ ಗತ್ತಿನಲ್ಲಿ ಕೂತು, ಒಂದು ಚಿಟಿಕೆ ನಶ್ಯ ಏರಿಸಿ, "ಪೋಡಿ ಮಾಡಿ ಪಾಲು ಬೇರೆ ಮಾಡಿಕೊಡ್ತೀನಿ, ಗಲಾಟೆ ಬ್ಯಾಡ," ಎಂದರು. ಅಪ್ಪನ ಹೆಸರಿಗೊಂದು ಖಾತೆ, ದೊಡ್ಡಪ್ಪನ ಹೆಸರಿಗೊಂದು. ಯಾರ ಖಾತೆ ತೆರೆದರೆ ಅವರ ಶಾರ್ಟ್‌ಕಟ್‌ಗಳಷ್ಟೇ ಕಾಣುತ್ತಿದ್ದವು, ಇನ್ನೊಬ್ಬರ ಸುಳಿವೇ ಇಲ್ಲ. ಎಲ್ಲರಿಗೂ ಸಮಾಧಾನ, ನನ್ನೊಬ್ಬಳನ್ನು ಬಿಟ್ಟು. ಜಗಳಕ್ಕಾದರೂ ಬಾಯಿ ತೆರೆಯುತ್ತಿದ್ದರು, ಇನ್ನು ಅದೂ ಇಲ್ಲವಲ್ಲ...

ಕೆಲವು ದಿನ ಬಿಟ್ಟು ಮೇಷ್ಟ್ರು ಪ್ರಿಂಟರ್ ನೋಡುವ ನೆಪದಲ್ಲಿ ಬಂದುಹೋದರು. ಅವರು ಹೋದ ಮೇಲೆ ಅಪ್ಪನ ಪರದೆಯಲ್ಲೊಂದು ಹೊಸ ಶಾರ್ಟ್‌ಕಟ್. ಒತ್ತಿದರೆ ಹಳೆಯ ಫೋಟೋ: ಕಾಲುವೆ ದಂಡೆ, ಚಡ್ಡಿ ಹಾಕಿದ ದೊಡ್ಡಪ್ಪ, ಅವರ ಹೆಗಲ ಮೇಲೆ ಒದ್ದೆ ತಲೆಯ ಅಪ್ಪ. ದೊಡ್ಡಮ್ಮನ ಹತ್ತಿರ ಈಸಿಕೊಂಡು ಸ್ಕ್ಯಾನ್ ಮಾಡಿದ್ದರಂತೆ. ಅಪ್ಪ ತುಂಬ ಹೊತ್ತು ನೋಡಿ, "ತೆಗಿ ಇದನ್ನ," ಎಂದರು.

ಮೇಷ್ಟ್ರಿಗೆ ಫೋನ್ ಮಾಡಿದೆ. "ಅದು ಇಬ್ಬರಿಗೂ ಸೇರಿದ ಜಾಗದಲ್ಲಿ ಐತೆ ಮಾರಾಯ್ತಿ. ಇವರ ಕಡೆ ತೆಗೆದ್ರೆ ಅವರ ಕಡೇನೂ ಹೋಗ್ತದೆ. ಹಂಗಂತ ಹೇಳಿ ನೋಡು."

ಹೇಳಿದೆ. ಅಪ್ಪ ಗೊಬ್ಬರದ ಚೀಲಗಳ ಕಡೆ ಮುಖ ತಿರುಗಿಸಿ, "ಹಂಗಾದ್ರೆ ಇರ್ಲಿ ಬಿಡು," ಎಂದರು. ಮಧ್ಯಾಹ್ನ ದೊಡ್ಡಪ್ಪನೂ ತೆಗೆಯಲು ಹೇಳಿದರು. ಅವರಿಗೂ ಅದನ್ನೇ ಹೇಳಿದೆ. ಬೀಜದ ಪೊಟ್ಟಣ ಜೋಡಿಸುತ್ತಾ, "ಇರ್ಲಿ ಬಿಡವ್ವ," ಎಂದರು.

ಇದನ್ನು ಕೇಳಿ ಮೇಷ್ಟ್ರು ಎಷ್ಟು ನಕ್ಕರು! ಆಮೇಲೆ ದನಿ ಇಳಿಯಿತು. "ನಮ್ಮಣ್ಣ ನನ್ ಸಂಗಡ ಮಾತಾಡ್ದೇನೇ ಹೋದ. ಇವರದ್ದು ಹಂಗಾಗ್ಬಾರ್ದು," ಎಂದರು.

ಆದರೆ ಹಟ ಅಂದರೆ ಹಟ. ನಾನು ಮದುವೆಯಾಗಿ ಸೊರಬಕ್ಕೆ ಬಂದರೂ ಇಬ್ಬರೂ ಬಾಯಿ ಬಿಡಲಿಲ್ಲ.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಸುದ್ದಿ ತಿಳಿದು ಹೊಸಬಾಳೆಗೆ ಓಡಿದೆ. ಹೂವಿನ ನಡುವೆ ಅವರನ್ನು ಕೂರಿಸಿದ್ದರು. ಅಂಗಳದಲ್ಲಿ ನಿಂತಿದ್ದಾಗ ಒಂದು ಬೈಕ್ ಬಂತು. ಓಡಿಸುತ್ತಿದ್ದವರು ದೊಡ್ಡಪ್ಪ, ಹಿಂದೆ ಅಪ್ಪ! ಅಂಗಡಿ ಮುಚ್ಚಿ, ಬೈಕ್ ಚಾಲೂ ಮಾಡಿ, ದೊಡ್ಡಪ್ಪ "ಹತ್ತೋ" ಅಂದರಂತೆ. ಇಳಿಯುವಾಗ ದೊಡ್ಡಪ್ಪನ ಕಾಲು ಎಡವಿತು. "ನಿಧಾನ ಅಣ್ಣ," ಎಂದರು ಅಪ್ಪ. ಹಾರ ಹಾಕಿಸಿಕೊಂಡು ಕೂತಿದ್ದ ಮೇಷ್ಟ್ರಿಗೂ ಅವರಿಗೂ ನಾಲ್ಕೇ ಹೆಜ್ಜೆ ದೂರ.

ಈಗ ಅಂಗಡಿಗೆ ಹೋದರೆ ಇಬ್ಬರೂ ಒಂದೇ ಸಮ ಮಾತು. ಬಿಲ್ಲಿಗೆ, ಮಳೆಗೆ, ಚಹಾಕ್ಕೆ, ಎಲ್ಲಕ್ಕೂ ಜಗಳ. ನಡುವೆ ನಾನು ಬೇಕಿಲ್ಲ. ಕೇಳುತ್ತಾ ಕೂತರೆ ಹೊಟ್ಟೆ ತಂಪಾಗುತ್ತದೆ, ಮರುಗಳಿಗೆ ಸಂಕಟವೂ ಆಗುತ್ತದೆ. ಮೇಷ್ಟ್ರು ಒಂದು ಸಲವಾದರೂ ಕೇಳಿಸಿಕೊಳ್ಳಬೇಕಿತ್ತು.